ಅಕ್ಕನ ಕೈ ನುಂಗಿದ ಅಪ್ಡೇಟು

ನಮ್ಮಕ್ಕಗ ಕಿವಿ ಕೇಳಂಗಿಲ್ಲ, ಬಾಯಿಲೆ ಮಾತು ಬರಂಗಿಲ್ಲ. ಹುಟ್ಟಿದಾಗಿಂದ ಹಂಗ. ಆದ್ರ ಅಕಿನ್ನ ಯಾರರ ಮೂಕಿ ಅಂದ್ರ ನನಗ ಮೈ ಉರೀತದ. ಅಕಿಯಷ್ಟು ಮಾತಾಡೋ ಹೆಣ್ಣಮಗಳನ್ನ ನಾ ದೇವದುರ್ಗ ತಾಲೂಕಿನ್ಯಾಗೂ ನೋಡಿಲ್ಲ, ಮಾನ್ವಿ ತಾಲೂಕಿನ್ಯಾಗೂ ನೋಡಿಲ್ಲ. ಅಕಿ ಮಾತೆಲ್ಲಾ ಕೈಯಾಗ ಅದ, ಅಷ್ಟೇ.

ಸಾಲ್ಯಾಗ ಕಲಿಸೋ ಕೈಮಾತಲ್ಲ ಅದು. ನಮ್ಮವ್ವ, ಅಕ್ಕ, ನಾನು ಮೂವರೂ ಕೂಡಿ ಒಲಿ ಮುಂದ ಕುಂತು ಹುಟ್ಟಿಸಿದ್ದು. ಮೂಗಿನ ನತ್ತು ಮುಟ್ಟಿದ್ರ ಅವ್ವ. ಹೆಬ್ಬೆರಳು ಮ್ಯಾಲೆತ್ತಿದ್ರ ಅಕಿ ಗಂಡ, ಅಂದ್ರ ನಮ್ಮ ಭಾವ. ಮನಿಗೆ ದೊಡ್ಡಾಂವ ಅಂತ ಅವಗ ಆ ಮರ್ಯಾದಿ. ಎರಡು ಬೆರಳು ಕತ್ರಿ ಆಡಿಸಿದಂಗ ಮಾಡಿದ್ರ ನಾನು, ಯಾಕಂದ್ರ ಮಾನ್ವ್ಯಾಗ ಬ್ಲೌಸ್ ಹೊಲಿಯೋ ಅಂಗಡಿ ಇಟ್ಟೀನಿ. ತೋಳಿಗೆ ಸೂಜಿ ಚುಚ್ಚಿದಂಗ ತೋರಿಸಿದ್ರ ದವಾಖಾನಿ. ಅಂಗೈ ಅಗಲ ಮಾಡಿ ಮಾರಿ ಮುಂದ ಹಿಡಿದ್ರ, "ತಡಿ, ನಂದಿನ್ನಾ ಮುಗಿದಿಲ್ಲ." ಈ ಕಡೀದನ್ನ ಅಕಿ ಮಾತಿಗೊಮ್ಮೆ ಹಿಡೀತಾಳ. ಎದುರಿದ್ದವರು ಗಪ್ಪ ಕೂಡಬೇಕು.

ಮದುವ್ಯಾಗಿ ಜಾಲಹಳ್ಳಿಗೆ ಹೋದ ಮ್ಯಾಲ ಆ ಮನ್ಯಾಗ ಈ ಮಾತು ಯಾರೂ ಪೂರಾ ಕಲೀಲಿಲ್ಲ. ಬಾ, ಹೋಗು, ಉಣ್ಣು, ನೀರು ತಾ. ಇಷ್ಟು ಸಾಕಾತು ಅವರಿಗೆ. ದೊಡ್ಡ ವಿಷಯ ಏನರ ಬಂತಂದ್ರ ನನಗ ಫೋನು: "ಅಕಿ ಏನಂತಾಳ ಕೇಳಿ ಹೇಳು." ಎರಡೂ ಮನ್ಯಾಗ ಅದೊಂದು ಪದ್ಧತಿನೇ ಆಗಿಬಿಟ್ಟಿತ್ತು. ಅಕ್ಕ ಹೂಂ ಅಂದಾಳ ಅಂತ ನಾ ಹೇಳಬೇಕು, ಆಗ ಅದು ಹೂಂ.

ಆ ಮನಿದು ಇನ್ನೊಂದು ಪದ್ಧತಿ ಅದ. ಮಾವ ಎದುರಿಗೆ ಬಂದ್ರ ಸೊಸಿ ಸೆರಗು ಮುಂದಕ್ಕ ಎಳಕೊಂಡು ಮಾರಿ ಮುಚ್ಚಿಕೋಬೇಕು. ಇದಕ್ಕ ನಾ ಅವರ ಕೂಡ ಎಷ್ಟು ಜಗಳಾಡೀನಿ ಅಂತೀರಿ. "ಕಿವಿ ಇಲ್ಲ, ಬಾಯಿಲ್ಲ, ಮಾರಿನೂ ಮುಚ್ಚಿಬಿಡ್ರಿ, ಗೋಡಿಗೆ ನಿಲ್ಲಿಸಿಬಿಡ್ರಿ ಅಕಿನ್ನ!" ಅಂತ ಅವರ ಪಡಸಾಲ್ಯಾಗ ನಿಂತು ಒದರೀನಿ. ಮಾವ ಕೇಳಿಸಲಾರದಂಗ ಎಲಿಗೆ ಸುಣ್ಣ ಹಚ್ಚಿಕೋತ ಕುಂತಿದ್ದ.

ಕ್ಯಾಮೆರಾ ಫೋನು ಬಂದ ಮ್ಯಾಲ ನನ್ನ ಜೀವಕ್ಕ ಸಮಾಧಾನಾತು. ರಾಯಚೂರಾಗ ಒಂದೇ ಅಂಗಡ್ಯಾಗ ಒಂದೇ ಕಂಪನಿದು, ಒಂದೇ ಬಣ್ಣದ್ದು ಎರಡು ಫೋನು ತಗೊಂಡೆ. ಒಂದು ಅಕಿಗೆ, ಒಂದು ನನಗ. ದಿನಾ ಮುಂಜಾನಿ ಅಕಿ ಜ್ವಾಳದ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು, ಎರಡು ಮಾರು ಹಿಂದ ಸರದು ಕೂಡಾಕಿ. ತಲಿಯಿಂದ ಮೊಣಕಾಲ ತನಕ ಅಕ್ಕ ಕಾಣಾಕಿ. ಇಲ್ಲಿ ನಾ ಹೊಲಿಗಿ ಮಷೀನಿಗೆ ಫೋನು ಆನಿಸಿ ಕೂಡತಿದ್ದೆ. ಜಾಲಹಳ್ಳಿ ಓಣ್ಯಾಗ ಯಾರು ಯಾರ ಕೂಡ ಮಾತು ಬಿಟ್ಟಾರ ಅನ್ನೋದು ಅಲ್ಲಿಯವರಿಗಿಂತ ಮೊದಲ ನನಗ ಗೊತ್ತಾಗತಿತ್ತು.

ಅಷ್ಟರಾಗ ಈ ಅಪ್ಡೇಟ್ ಅನ್ನೋದು ಬಂತು ನೋಡ್ರಿ. "ನಂತರ" ಅಂತ ಒತ್ತಿದೆ, ಮತ್ತ ಕೇಳ್ತು. ಮತ್ತ ಒತ್ತಿದೆ, ಮತ್ತ ಕೇಳ್ತು. ಒಂದು ಮುಂಜಾನಿ ಎದ್ದು ನೋಡಿದ್ರ ತನ್ನಷ್ಟಕ್ಕ ತಾನೇ ಮಾಡಿಕೊಂಡು ಕುಂತಿತ್ತು. "ನಿಮ್ಮ ಫೋನ್ ಈಗ ಇನ್ನಷ್ಟು ಜಾಣ" ಅಂತ ಬರದಿತ್ತು. ಅಕ್ಕನ ಫೋನಿಗೂ ಅದೇ ವಾರ ಅದೇ ಗತಿ.

ಅವತ್ತು ವಿಡಿಯೋ ಕಾಲ್ ಹಚ್ಚಿದೆ. ಸ್ಕ್ರೀನ್ ತುಂಬ ಅಕ್ಕನ ಮಾರಿ! ಬರೇ ಮಾರಿ. ಪೌಡರ್ ಬಡದಂಗ ಬೆಳ್ಳಗ, ತುಟಿ ಕೆಂಪಗ. ಹಿಂದ ಸರಿ ಅಂತ ಕೈ ಮಾಡಿದೆ, ನನ್ನ ಕೈನೂ ಅಕಿಗೆ ಕಾಣಲಿಲ್ಲಂತ ಕಾಣ್ತದ. ಆದ್ರೂ ತಾನಾಗೇ ಹಿಂದ ಸರದ್ಲು. ಫೋನು ಅಕಿನ್ನ ಬೆನ್ನ ಹತ್ತಿ ಮಾರಿ ಹಿಡಕೊಂಡು ಮತ್ತ ದೊಡ್ಡದು ಮಾಡ್ತು. ಎಡಕ್ಕ ಸರದ್ಲು, ಎಡಕ್ಕ ಬಂತು. ಕೈ ಎರಡೂ ಕೆಳಗ ಎಲ್ಲೋ ಕತ್ತರಿಸಿ ಹೋಗಿದ್ದವು. ಅಕಿ ಏನೋ ಹೇಳಾಕತ್ತಾಳ, ಭುಜ ಅಳ್ಳಾಡತಾವ, ಹುಬ್ಬು ಏರಿಳಿತಾವ. ಮಾತೊಂದೂ ಕಾಣವಲ್ದು.

ಕಡೀಕ ಎರಡು ಬೆರಳು ಗದ್ದದ ಹತ್ರ ತಂದು ಕತ್ರಿ ಆಡಿಸಿದ್ಲು, ನನ್ನನ್ನ ಕರ್ಯಾಕ. ತಗೋ, ಸ್ಕ್ರೀನಿನ ಕೆಳಗಿಂದ ಬಣ್ಣಬಣ್ಣದ ಬಲೂನು ಎದ್ದವು! ಬೆಚ್ಚಿಬಿದ್ದು ಗಂಡನ ಸುದ್ದಿ ಹೇಳಾಕ ಹೆಬ್ಬೆರಳು ಎತ್ತಿದ್ಲು. ಢಂ ಅಂತ ಪಟಾಕಿ. ಮೊದಲ ನಕ್ಕಳು ನಮ್ಮಕ್ಕ. ಆಮ್ಯಾಲ ಸಿಟ್ಟು ಬಂತು, ಮ್ಯಾಲ ಕಣ್ಣಾಗ ನೀರು ಬಂದ್ವು. ಫೋನು ಆ ಕಣ್ಣೀರಿಗೂ ಪೌಡರ್ ಬಡೀತು.

ಬರೇ ಹರಟಿ ನಿಂತಿದ್ರ ನಾ ಇಷ್ಟು ಉರೀತಿರಲಿಲ್ಲ. ಅದೇ ವಾರ ಭಾವ ಫೋನ್ ಮಾಡಿದ್ದ. ಅಕ್ಕಗ ಭಾಳ ದಿನದಿಂದ ಹೊಟ್ಟಿಬ್ಯಾನಿ ಇತ್ತು. ದೇವದುರ್ಗದಾಗ ತೋರಿಸ್ಯಾರ, ಗರ್ಭಚೀಲ ತೆಗೆಸಿಬಿಡೋದು ಚಲೋ ಅಂದಾರ. ರಾಯಚೂರಿನ ಒಂದು ದವಾಖಾನ್ಯಾಗ ಸೋಮವಾರ ಆಪರೇಷನ್ ಅಂತ ನಿಕ್ಕಿ ಆಗ್ಯಾದ.

"ಅಕಿಗೆ ಕೇಳಿಯೇನು ಭಾವಾ?" ಅಂದೆ.

"ಕೇಳೀನವ್ವಾ. ಸೂಜಿ ಚುಚ್ಚಿದಂಗ ಮಾಡಿ ತೋರಿಸಿದೆ, ತಲಿ ಹಾಕಿದ್ಲು. ಒಪ್ಯಾಳ. ಆದ್ರೂ ನೀ ಒಂದು ಮಾತು ಕೇಳಿ ಹೂಂ ಅಂದುಬಿಡು."

ಅಂವ ಕೆಟ್ಟಾಂವಲ್ಲ. ಹೆಂಡ್ತಿ ಹೊಟ್ಟಿ ಹಿಡಕೊಂಡು ಹೊಳ್ಳಾಡೋದು ನೋಡಲಾರದೇ ಸೋತಿದ್ದ. ಆದ್ರ ಸೂಜಿ ಅಂದ್ರ ನಮ್ಮ ಮಾತಿನ್ಯಾಗ ದವಾಖಾನಿ ಅಷ್ಟೇ. ದವಾಖಾನಿಗೆ ಹೋಗೋಣೇನು ಅಂದ್ರ ಯಾರು ತಲಿ ಹಾಕಂಗಿಲ್ಲ? ಹೊಟ್ಟಿ ಕೊಯ್ತಾರ ಅಂತ ಅಕಿಗೆ ಗೊತ್ತದೋ ಇಲ್ಲೋ?

"ಅಕಿ ಕೈ ಕಾಣಲಾರದೇ ನಾ ಹೂಂ ಅನ್ನಂಗಿಲ್ಲ" ಅಂದುಬಿಟ್ಟೆ.

"ಮಾರಿ ಕಾಣ್ತದಲ್ಲ?"

"ಮಾರಿ ಕಟಗೊಂಡು ನಾ ಏನ್ ಮಾಡ್ಲಿ?"

ಬಸ್ ಸ್ಟ್ಯಾಂಡ್ ಹತ್ರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವ ಆಫ್ ಮಾಡಿ ಆನ್ ಮಾಡಿದ. ಏನೇನೋ ಕ್ಲಿಯರ್ ಮಾಡಿದ. ಬೇರೆ ಆಪ್ ಹಾಕಿ ನೋಡಿದ. ಎಲ್ಲಿ ಹೋದ್ರೂ ಅದೇ ರೋಗ. ಹಿಂದಿನ ಕ್ಯಾಮೆರಾಕ್ಕೂ ಹತ್ತಿತ್ತು.

"ಇದು ಪ್ರಾಬ್ಲಂ ಅಲ್ರೀ ಅಕ್ಕಾರ, ಫೀಚರ್. ಬಲೂನ್ ಬೇಕಾದ್ರ ತೆಗೀತೀನಿ. ಮಾರಿ ಹಿಡಿಯೋದು ತೆಗಿಯಾಕ ಈ ಮಾಡೆಲಿಗೆ ಬಟನ್ನೇ ಕೊಟ್ಟಿಲ್ಲ. ದೊಡ್ಡ ಫೋನ್ ತಗೊಂಡ್ರ ಅದರಾಗ ಕೊಟ್ಟಾರ."

"ಹಳೇದು ಹೆಂಗಿತ್ತೋ ಹಂಗ ಮಾಡಿಕೊಡಪ್ಪಾ."

"ಹಿಂದಕ್ಕ ಹೋಗಾಕ ಬರಂಗಿಲ್ರೀ."

ಯಾಕ ಬರಂಗಿಲ್ಲ? ನಾ ಒಂದು ಬ್ಲೌಸ್ ಕೆಡಿಸಿದ್ರ ಹೊಲಿಗಿ ಬಿಚ್ಚಿ ಮತ್ತ ಹೊಲಿದು ಕೊಡ್ತೀನಿ. "ಇದು ಫೀಚರ್ ರೀ, ತೋಳು ಇರಂಗಿಲ್ಲ" ಅಂತ ಹೇಳಿ ಕಳಿಸಿದ್ರ ಮಾನ್ವಿ ಹೆಣ್ಣಮಕ್ಕಳು ನನ್ನ ಸುಮ್ನ ಬಿಡತಾರೇನು?

ಕಸ್ಟಮರ್ ಕೇರಿಗೆ ಹಚ್ಚಿದೆ. ಒಂದು ಒತ್ತರಿ, ಎರಡು ಒತ್ತರಿ, ಹಾಡು ಕೇಳ್ರಿ. ಕಡೀಕ ಒಂದು ಹುಡುಗಿ ಬಂತು, ಸಣ್ಣ ದನಿ, ಬೆಂಗಳೂರ ಮಾತು.

"ಮೇಡಂ, ವಿಡಿಯೋ ಕಾಲ್‌ನಲ್ಲಿ ಮುಖ ಸ್ಪಷ್ಟವಾಗಿ ಕಾಣ್ತಾ ಇದೆಯಾ?"

"ಕಾಣ್ತದವ್ವಾ. ಅದೇ ನನ್ನ ತಕರಾರು."

"ಮುಖ ಕಾಣ್ತಾ ಇದೆ ಅಂದ್ರೆ ಕ್ಯಾಮೆರಾ ಸರಿಯಾಗಿಯೇ ಕೆಲಸ ಮಾಡ್ತಿದೆ ಮೇಡಂ."

"ನಮ್ಮಕ್ಕ ಕೈಲೆ ಮಾತಾಡತಾಳವ್ವಾ! ನಿಮ್ಮ ಫೋನು ಅಕಿ ಕೈ ಕಡದು ಹಾಕ್ಯಾದ. ನಿನ್ನ ಬಾಯಿಗೆ ಬಟ್ಟಿ ತುರುಕಿ, ಹುಡುಗಿ ಭಾಳ ಚಂದ ಕಾಣ್ತಾಳ ಅಂದ್ರ ನಿನಗ ಹೆಂಗನಸ್ತದ?"

ಪಾಪ, ಅಕಿದೇನು ತಪ್ಪು. "ನಿಮ್ಮ ದೂರನ್ನ ಮೇಲಕ್ಕೆ ಕಳಿಸ್ತೀನಿ ಮೇಡಂ" ಅಂದ್ಲು. ಆ ಮ್ಯಾಲಿನವರು ಇನ್ನಾ ಓದಾಕತ್ತಾರ ಅಂತ ಕಾಣ್ತದ.

ಸೋಮವಾರ ಬೆಳಗಾಗೋದ್ರಾಗ ರಾಯಚೂರಿಗೆ ನಾನೇ ಹೋಗಿ ನಿಂದ್ರತೀನಿ ಅಂತ ಗಟ್ಟಿ ಮಾಡಿಕೊಂಡೆ. ಆದ್ರ ರವಿವಾರ ಮುಂಜಾನಿನೇ ಭಾವನ ಫೋನ್ ಬಂತು. ಡಾಕ್ಟರಮ್ಮ ನಾಳಿ ಇರಂಗಿಲ್ಲಂತ, ಅದಕ್ಕ ಇವತ್ತೇ ಕರಕೊಂಡು ಬಂದೀವಿ, ಗಬ್ಬೂರು ದಾಟಿ ರಾಯಚೂರು ಮುಟ್ಟೇಬಿಟ್ಟೀವಿ ಅಂದ. ಹೊಲಿಯೋ ಬಟ್ಟಿ ಮಷೀನಿನ್ಯಾಗೇ ಬಿಟ್ಟು ಷಟರ್ ಎಳದು ಓಡಿದೆ. ಸಿಕ್ಕಿದ ಬಸ್ ಹತ್ತಿದೆ.

ಕಲ್ಲೂರು ದಾಟಿತ್ತು. ಮತ್ತ ಫೋನು, ಈ ಸಲ ವಿಡಿಯೋ. ಭಾವ ಅಕ್ಕನ ಫೋನನ್ನ ಕಾಟಿನ ಕಂಬಿಗೆ ಆನಿಸಿಟ್ಟು ಬಾಜೂಕ ನಿಂತಿದ್ದ.

"ಲಗೂ ಕೇಳಿಬಿಡವ್ವಾ. ನರ್ಸ್ ಹೆಬ್ಬೆಟ್ಟು ಒತ್ತಿಸಿಕೊಳ್ಳಾಕ ಬಂದು ನಿಂತಾರ."

ಬಸ್ಸಿನ್ಯಾಗ ನನ್ನ ಬಾಜೂಕ ಒಬ್ಬ ಮುದುಕಿ ಕುಂತಿದ್ಲು. "ಯವ್ವಾ, ಈ ಫೋನು ಹಿಂಗ ಹಿಡಿ, ಅಳ್ಳಾಡಿಸಬ್ಯಾಡ" ಅಂತ ಅಕಿ ಕೈಯಾಗ ಕೊಟ್ಟು ಎದ್ದು ನಿಂತೆ. ಸ್ಕ್ರೀನ್ ತುಂಬ ಮತ್ತ ಅದೇ ಬೆಳ್ಳನ ಮಾರಿ. ಅಕಿ ಕಣ್ಣು ನನ್ನ ಹುಡುಕಾಕತ್ತಿದ್ದವು. ನಾ ಕೈ ಆಡಿಸಿದೆ, ಅಕಿಗೆ ಮುಟ್ಟಲಿಲ್ಲ. ಅಕಿ ಭುಜ ಅಳ್ಳಾಡಿದ್ವು, ನನಗ ತಿಳೀಲಿಲ್ಲ.

ಆಗ ಚಹಾದ ಥರ್ಮಾಸ್ ಹಿಡಕೊಂಡು ಅಕಿ ಮಾವ ಒಳಗ ಬಂದ. ಅಕ್ಕ ರೂಢಿಯಂಗ ಸರಕ್ಕನ ಸೆರಗು ಎಳಕೊಂಡು ಮಾರಿ ಮುಚ್ಚಿಕೊಂಡ್ಲು.

ಫೋನು ಕಂಗಾಲಾತು. ಅತ್ತ ಹೊರಳಿತು, ಇತ್ತ ಹೊರಳಿತು, ಮಾರಿ ಎಲ್ಲಿ ಅಂತ ಹುಡುಕಿತು. ಸಿಗಲಿಲ್ಲ. ಮೆಲ್ಲಕ ಹಿಂದ ಸರೀತು. ಹಿಂದ, ಇನ್ನಾ ಹಿಂದ. ಕಾಟು ಕಾಣ್ತು, ಹಸರು ಸೀರಿ ಕಾಣ್ತು, ಮಡಿಲಿನ ಮ್ಯಾಲ ನಮ್ಮಕ್ಕನ ಎರಡೂ ಕೈ ಕಂಡ್ವು!

"ಭಾವಾ, ಸೆರಗು ತೆಗೀಬ್ಯಾಡಂತ ಹೇಳು ಅಕಿಗೆ! ಮಾವನ್ನ ಅಲ್ಲೇ ನಿಂದ್ರಸು!" ಅಂತ ಒದರಿದೆ. ಬಸ್ಸಿಗೆ ಬಸ್ಸೇ ಹೊಳ್ಳಿ ನೋಡ್ತು. ಜನ್ಮದಾಗ ತಲಿ ಮ್ಯಾಲ ಬಟ್ಟಿ ಹಾಕ್ಕೊಳ್ಳಾರದಾಕಿ ನಾನು, ನನ್ನ ಚೂಡಿದಾರದ ವೇಲ್ ಎಳದು ಮಾರಿ ಮುಚ್ಚಿಕೊಂಡೆ. ನನ್ನ ಕೈನೂ ಅಕಿಗೆ ಕಂಡಿರಬೇಕು. ತೆಳ್ಳನ ಸೆರಗಿನ ಒಳಗಿಂದ ಅಕಿಗೆಲ್ಲಾ ಕಾಣ್ತದ. ಅಕಿ ಎರಡು ಬೆರಳೆತ್ತಿ ಕತ್ರಿ ಆಡಿಸಿದ್ಲು; ಮಾರಿ ಸಿಗಲಾರದ್ದಕ್ಕ ಬಲೂನೂ ಏಳಲಿಲ್ಲ. ನೀನಾ?

ನಾನೇ ಅಂದೆ. ಹೊಟ್ಟಿ ಮ್ಯಾಲ ಬೆರಳಿನಿಂದ ಗೀರಿ, ಒಳಗಿಂದ ತೆಗದು ಒಗದಂಗ ತೋರಿಸಿದೆ. ಕೂಸು ತೂಗೋ ತೊಟ್ಲಾ ತೋರಿಸಿದೆ. ಅದನ್ನ ತೆಗೀತಾರಂತ, ನಿನಗ ಗೊತ್ತೇನು?

ಅಕಿ ಕೈ ಹಂಗೇ ನಿಂತ್ವು. ಆಮ್ಯಾಲ ಅಂಗೈ ಅಗಲ ಮಾಡಿ ಮುಂದ ಹಿಡಿದ್ಲು. ತಡಿ.

ಎದ್ದು ನಿಂತ್ಲು. ಫೋನಿಗೆ ಬೆನ್ನು ಮಾಡಿ, ಬಲಗಡಿ ಪಕ್ಕಿ ಕೆಳಗ ಮುಷ್ಟಿಲೆ ಗುದ್ದಿಕೊಂಡು ತೋರಿಸಿದ್ಲು. ಬ್ಯಾನಿ ಏಳೋದು ಇಲ್ಲಿ. ಈ ಕಡೆ ಹೊಳ್ಳಿಕೋತ ಬೆರಳಿನಿಂದ ಅಲ್ಲಿಂದ ಮುಂದಕ್ಕ, ಕೆಳಕ್ಕ ಗೆರಿ ಎಳದ್ಲು. ಇಲ್ಲಿಗೆ ಇಳೀತದ. ಒಂದಕ್ಕ ಹೋದ್ರ ಉರೀತದ. ತೊಟ್ಲಾ ತೂಗಿ ಕೈ ಝಾಡಿಸಿದ್ಲು. ಅದರಾಗ ಏನೂ ಬ್ಯಾನಿ ಇಲ್ಲ. ಅದನ್ನ ಮುಟ್ಟಬ್ಯಾಡ್ರಿ.

ಅಷ್ಟರಾಗ ನರ್ಸ್ ಅಕಿ ಬಲಗೈ ಹಿಡಕೊಂಡು ಶಾಯಿ ಹತ್ರ ಒಯ್ದ್ಲು. ಅಕ್ಕ ಕೈ ಕಸಗೊಂಡ್ಲು. ಹೆಬ್ಬೆರಳು ಒಳಗ ಮಡಚಿ, ಅದರ ಮ್ಯಾಲ ನಾಕೂ ಬೆರಳು ಬಿಗಿ ಹಿಡದು, ಆ ಮುಷ್ಟಿನ್ನ ಫೋನಿನ ಮುಂದ ತಂದು ಹಿಡಿದ್ಲು. ನಮ್ಮ ಮಾತಿನ್ಯಾಗ ಹಿಂಗೊಂದು ಗುರುತು ಇದ್ದಿಲ್ಲ. ಅಕಿ ಆಗ ಹುಟ್ಟಿಸಿದ್ದು. ನನಗ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಅಷ್ಟರಾಗ ಅಲ್ಲಿಗೆ ಬಂದ ಡಾಕ್ಟರಮ್ಮ ಫೋನು ತಗೊಂಡ್ರು. "ಏನಂತಿದ್ದಾರಮ್ಮಾ ಇವರು?"

"ಒಲ್ಲೆ ಅಂತಾಳ್ರೀ" ಅಂದೆ. ಎಲ್ಲಿ ಬ್ಯಾನಿ, ಹೆಂಗ ಇಳೀತದ, ಎಲ್ಲಾ ಹೇಳಿದೆ.

"ಇದನ್ನ ಮೊದಲೇ ಹೇಳಬೇಕಿತ್ತಲ್ವಾ?"

"ಅಕಿ ಮೊದಲಿಂದ ಹೇಳಾಕತ್ತಾಳ್ರೀ ಡಾಕ್ಟರಮ್ಮಾ. ನೋಡಿದವರೆಲ್ಲಾ ಬರೇ ಮಾರಿ ನೋಡಿದ್ರಿ."

ಅವರು ನರ್ಸಿಗೆ ಆ ಶಾಯಿ ಡಬ್ಬಿ ಮುಚ್ಚಾಕ ಹೇಳಿದ್ದು ಕೇಳಿಸ್ತು. ಬಸ್ಸಿನ ಮುದುಕಿ ಫೋನು ನನಗ ಕೊಟ್ಟು, "ಗಟ್ಟ್ಯಾಕಿ ಅದಾಳ ನಿಮ್ಮಕ್ಕ" ಅಂದ್ಲು. ನಾ ವೇಲಿನ ಒಳಗೇ ಅತ್ತೆ.

ನಾ ಮುಟ್ಟೋದ್ರಾಗ ಸ್ಕ್ಯಾನಿಂಗ್ ಆಗಿತ್ತು. ಕಿಡ್ನ್ಯಾಗ ಹರಳು. ಔಷಧ ಬರದುಕೊಟ್ಟು, ನೀರು ಚಲೋ ಕುಡೀಲಿ ಅಂದ್ರು. ಭಾವ ಹೊರಗಿನ ಕಟ್ಟಿ ಮ್ಯಾಲ ತಲಿ ಕೆಳಗ ಹಾಕಿ ಕುಂತಿದ್ದ. "ಅಕಿ ಮಾತು ನನಗೂ ಸ್ವಲ್ಪ ಕಲಿಸವ್ವಾ" ಅಂದ. "ನನಗ್ಯಾಕ ಕೇಳತಿ? ಒಳಗದಾಳಲ್ಲ, ಅಕಿಗೆ ಕೇಳು" ಅಂದೆ. ಎದ್ದು ಒಳಗ ಹೋದ.

ಆ ಅಪ್ಡೇಟ್ ಇನ್ನಾ ಹಂಗೇ ಅದ. ದಿನಾ ಮುಂಜಾನಿ ಅಕ್ಕ ಜಾಲಹಳ್ಳ್ಯಾಗ, ನಾ ಮಾನ್ವ್ಯಾಗ, ಇಬ್ರೂ ಮಾರಿ ಮುಚ್ಚಿಕೊಂಡು ಕುಂತು ಮನಸಾರೆ ಮಾತಾಡ್ತೀವಿ. "ನಮ್ಮ ಸೊಸಿ ಫೋನಿನ ಮುಂದೂ ಸೆರಗು ಬಿಡಂಗಿಲ್ಲ" ಅಂತ ಅಕಿ ಮಾವ ಓಣಿ ತುಂಬ ಹೇಳಿಕೋತ ತಿರುಗತಾನಂತ. ಆ ಸೆರಗಿನ ಕೆಳಗ ಅಕಿ ಕೈ ಅವನ ಬಗ್ಗೆ ಏನೇನು ಅಂತಾವ ಅನ್ನೋದು ನಾ ಇಲ್ಲಿ ಬರಿಯಂಗಿಲ್ಲ.

ಮೊನ್ನೆ ಮತ್ತ ಹೊಸ ಅಪ್ಡೇಟ್ ಬಂತು. ಒಪ್ಪಿಗೆ ಅಂತೊಂದು ಬಟನ್, ನಂತರ ಅಂತೊಂದು ಬಟನ್. ಬ್ಯಾಡ ಅನ್ನಾಕ ಬಟನ್ ಇದ್ದಿಲ್ಲ. ಏನು ಒತ್ತಲಿ ಅಂತ ಅಕ್ಕಗ ಕೇಳಿದೆ. ಅಕಿ ಹೆಬ್ಬೆರಳು ಒಳಗ ಮಡಚಿ ಮುಷ್ಟಿ ಹಿಡದು ತೋರಿಸಿದ್ಲು.