ಹೆಸರು ಕೇಳುವ ಡಬ್ಬಿ

ನಮ್ಮ ಮನೆಯಲ್ಲಿ ಬಳೆ ಒಡೆದರೆ ಒಡೆಯಿತು ಎನ್ನುವಂತಿಲ್ಲ, ಹೆಚ್ಚಾಯಿತು ಎನ್ನಬೇಕು. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಗಂಡನ ಹೆಸರಂತೂ ಬಾಯಲ್ಲಿ ಬರಲೇಬಾರದು. ಅಂದಷ್ಟೂ ಅವರ ಆಯುಷ್ಯ ಸವೆಯುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನಾನು ಬಿ.ಎ. ಓದಿದವಳು, ಇದನ್ನು ನಂಬುವುದಿಲ್ಲ. ಆದರೆ ನಂಬದ ಮಾತಿಗೂ ಹೆದರಬಹುದು. ಮದುವೆಯಾಗಿ ಬಳ್ಳಾರಿಗೆ ಬಂದು ಮಗಳ ಮದುವೆಯನ್ನೂ ಮಾಡಿದೆ, ಇವರನ್ನು ಇವತ್ತಿಗೂ "ಏನ್ರೀ" ಎಂದೇ ಕರೆಯುತ್ತೇನೆ.

ಹೋದ ವರ್ಷ ಇವರ ಎದೆಗೆ ಸ್ಟೆಂಟ್ ಹಾಕಿದ ಮೇಲೆ, ಕುರುಗೋಡಿನಲ್ಲಿ ಟೀಚರ್ ಆಗಿರುವ ಮಗಳು ಮಾತಾಡುವ ಡಬ್ಬಿಯೊಂದನ್ನು ತಂದು ಅಡುಗೆಮನೆಯಲ್ಲಿಟ್ಟಳು. ಫೋನ್ ಕೈಯಲ್ಲಿ ಇಲ್ಲದಿದ್ದರೂ ಬಾಯಿಂದ ಹೇಳಿದರೆ ಕರೆ ಹೋಗುತ್ತದಂತೆ.

"ಅಪ್ಪನ ಹೆಸರು ಹೇಳಿ ಫೋನ್ ಹಚ್ಚು ಅನ್ನವ್ವಾ, ಸಾಕು. ಒಮ್ಮಿ ಹೇಳು, ನೋಡೋಣು."

"ಆಮ್ಯಾಲ ಹೇಳ್ತೀನಿ ಬಿಡು."

ಹೆಸರಿನ ಬದಲು ಬೇರೇನಾದರೂ ಹಾಕು ಎನ್ನಬಹುದಿತ್ತು. ನಕ್ಕಾಳು ಎಂದು ಸುಮ್ಮನಾದೆ.

ಅಂದಿನಿಂದ ಅಡುಗೆಮನೆ ನನ್ನದಾಗಿ ಉಳಿಯಲಿಲ್ಲ. ಒಗ್ಗರಣೆ ಹಾಕುತ್ತ ನನ್ನಷ್ಟಕ್ಕೆ ಗೊಣಗುವ ಚಟ ನನಗೆ. ಗೊಣಗಿದರೆ ಒಮ್ಮೊಮ್ಮೆ ಅದರ ದೀಪ ಹೊತ್ತಿಕೊಳ್ಳುತ್ತಿತ್ತು. ಗೋಡೆಗೂ ಕಿವಿ ಇರುತ್ತದೆ ಎಂಬ ಮಾತು ಕೇಳಿದ್ದೆ, ಆ ಕಿವಿಗೆ ಕರೆಂಟ್ ಕೊಟ್ಟು ಸಾಕುವುದನ್ನು ಕಂಡಿರಲಿಲ್ಲ. ಅದರ ಮುಂದೆ ಮೂಕಿಯಂತೆ ಓಡಾಡತೊಡಗಿದೆ.

ಮೊನ್ನೆ ಸುಗ್ಗಿಯಲ್ಲಿ ಇವರು ಬ್ರೂಸ್‌ಪೇಟೆಯ ತಮ್ಮ ಅಕ್ಕಿ ಅಂಗಡಿಗೆ ಬೀಗ ಹಾಕಿ, ಭತ್ತ ನೋಡಲು ಸಿರುಗುಪ್ಪದ ಆಚೆ ಕರೂರಿಗೆ ಹೋದರು. ಬಸ್ಸಿಗೆ ಹೋಗಿರಿ ಎಂದರೂ ಕೇಳದೆ ಬೈಕ್ ಹತ್ತಿದರು. ಮಧ್ಯಾಹ್ನ ಅಡುಗೆಮನೆ ಒರೆಸುತ್ತಿದ್ದ ನಾನು ಜಾರಿ ಬಿದ್ದೆ. ಕಾಲು ಮೈಯಡಿ ಸಿಕ್ಕಿ ತಿರುಚಿತು, ಏಳಲಾಗಲಿಲ್ಲ. ಫೋನ್ ಪಡಸಾಲೆಯಲ್ಲಿ ಚಾರ್ಜಿಗಿತ್ತು. ಕೂಗಿದರೆ ಯಾರೂ ಓಗೊಡಲಿಲ್ಲ. ಮಗಳ ಹೆಸರು ಹೇಳಿ ಫೋನ್ ಹಚ್ಚು ಎಂದೆ ಡಬ್ಬಿಗೆ. ಅವಳು ಪಾಠದಲ್ಲಿದ್ದಳು, ಎತ್ತಲಿಲ್ಲ.

ಉಳಿದವರು ಇವರೊಬ್ಬರೇ.

"ಯಜಮಾನ್ರಿಗೆ ಫೋನ್ ಹಚ್ಚು" ಎಂದೆ. ಆ ಹೆಸರು ಸಿಗಲಿಲ್ಲ ಎಂದಿತು. ಮದುವೆ, ಸೀಮಂತಗಳಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳಿಸುತ್ತಾರೆ, ಪದದೊಳಗೆ ಬಂದರೆ ದೋಷವಿಲ್ಲ. ಅದೇ ನೆನಪಾಗಿ, ನೆಲದ ಮೇಲೆ ಬಿದ್ದುಕೊಂಡೇ, "ಕಾಲುವಿ ನೀರಿಗೆ ಗದ್ದಿ ಹಸರು, ನನ್ನ ಕುಂಕುಮಕ್ಕ ಅವರೇ ಉಸರು" ಎಂದು ಆಡಿ ಕೊನೆಗೆ ಇವರ ಹೆಸರು ಸೇರಿಸಿದೆ. ಡಬ್ಬಿ ಕುಂಕುಮವನ್ನು ಹೇಗೆ ಮಾಡುತ್ತಾರೆಂದು ವಿವರಿಸತೊಡಗಿತು.

ಕಣ್ಣು ಮುಚ್ಚಿ ಬರೀ ಹೆಸರು ಹೇಳಿದೆ. ಥಟ್ಟನೆ ಕರೆ ಹೋಯಿತು. ರಿಂಗಾಗಿ ರಿಂಗಾಗಿ ನಿಂತಿತು.

ಕಾಲಿನ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ರಸ್ತೆ, ಆ ಬೈಕು, ಆ ಎದೆ. ಹೆಸರು ಅಂದು ನಾನೇ ಏನೋ ಮಾಡಿಬಿಟ್ಟೆ ಎನಿಸಿತು. ಬದುಕಿದ್ದಾರೋ ತಿಳಿಯಬೇಕಾದರೆ ಮತ್ತೆ ಅದೇ ಹೆಸರು ಹೇಳಬೇಕು. ಹೇಳಿದೆ. ಎತ್ತಲಿಲ್ಲ. ಮತ್ತೆ ಹೇಳಿದೆ. ಆಮೇಲೆ ಲೆಕ್ಕವಿಲ್ಲ. ಕೊನೆಗೊಮ್ಮೆ ಇವರ ದನಿ ಬಂತು.

"ಏನಾತು? ಗದ್ದ್ಯಾಗ ಇದ್ದೆ, ಫೋನ್ ಗಾಡ್ಯಾಗ ಇತ್ತು."

"ನೀವು ಅದೀರೇನ್ರಿ?" ಎಂದೆ. ಬಿದ್ದದ್ದನ್ನು ಆಮೇಲೆ ಹೇಳಿದೆ.

ಇವರು ಪಕ್ಕದ ಅಂಗಡಿಯವರನ್ನು ಮನೆಗೆ ಕಳಿಸಿದರು. ಕಾಲಿಗೆ ಪ್ಲಾಸ್ಟರ್ ಬಿತ್ತು.

ಭಾನುವಾರ ಮಗಳು ಬಂದು, ಡಬ್ಬಿಗೆ ನಾನು ಹೇಳಿದ್ದೆಲ್ಲ ತನ್ನ ಮೊಬೈಲಿನಲ್ಲಿ ಉಳಿದಿದೆ ಎಂದು ಕೇಳಿಸಿದಳು. ನನ್ನದೇ ದನಿ, ಇವರ ಹೆಸರು, ಸಲಸಲಕ್ಕೂ ಹೆಚ್ಚು ನಡುಗುತ್ತ. ಇವರು ಪಕ್ಕದಲ್ಲೇ ಕೂತು ಕೇಳಿದರು.

"ನಿನ್ನ ಬಾಯಾಗೂ ನನ್ನ ಹೆಸರು ಇತ್ತಂತಾತು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ಸಲ ಅಂದದ್ದು ಗಾಳಿಗೆ ಹೋಗದೆ ಎಲ್ಲೋ ಕೂತಿದೆಯಲ್ಲ. ಮಗಳು ನನ್ನ ಮುಖ ನೋಡಿದಳು.

"ಹೆದರಿಕಿ ಆದ್ರ ಅಪ್ಪನ ಹೆಸರು ಇದ್ದದ್ದೆಲ್ಲ ಅಳಿಸಿಬಿಡ್ಲೇನು ಅವ್ವಾ?"

ಅವಳ ಬೆರಳು ಆಗಲೇ ಅಲ್ಲಿತ್ತು. ನಾನು ಅವಳ ಕೈ ಹಿಡಿದುಕೊಂಡೆ.

ಬಳೆಗೂ ದೀಪಕ್ಕೂ ನಮ್ಮಲ್ಲಿ ಬೇರೆ ಮಾತಿದೆ, ಇವರ ಹೆಸರು ಅಳಿಸುವುದಕ್ಕೆ ಯಾವ ಮಾತೂ ಇಲ್ಲ. ಡಬ್ಬಿ ಅಲ್ಲೇ ಇದೆ. ಇವರು ಬರುವುದು ತಡವಾದ ದಿನ, ಹೆಸರು ಬಾಯಿಗೆ ಬಂದೀತೆಂದು, ನಾನು ಅದರ ಕಡೆ ನೋಡುವುದಿಲ್ಲ.