ಹಸಿರು ಶೂವಿನ ಮರದ ಹೀಲು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲಿನ ಮೊದಲಲ್ಲಿ ನೆಟ್ಟಗೆ ನಿಂತ ಅಕ್ಷರಗಳು ಕೊನೆಗೆ ಬರುವಷ್ಟರಲ್ಲಿ ಗೋಡೆಗೆ ಒರಗಿದವರಂತೆ ವಾಲುತ್ತವೆ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳಾದ್ದರಿಂದ ದೊಡ್ಡ ಪದಗಳೂ ಬರುವುದಿಲ್ಲ. ಗೊತ್ತಿರುವ ಪದಗಳನ್ನೇ ಒಂದೊಂದಾಗಿ ಇಟ್ಟಿದ್ದೇನೆ, ಅನುಮಾನ ಬಂದ ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಓದುವವರಿಗೆ ಕಷ್ಟವಾದರೆ ಕ್ಷಮಿಸಬೇಕು. ಇದು ನನ್ನ ವಿಷಯವಲ್ಲ, ನನ್ನ ಚಿಕ್ಕಮ್ಮನದು.

ನಮ್ಮ ಮನೆಯಲ್ಲಿ ನಾಲ್ಕು ಜನ. ಬಡಗಿ ಕೆಲಸ ಮಾಡಿ ಈಗ ಮನೆಯಲ್ಲೇ ಇರುವ ತಾತ, ಅವರ ಇಬ್ಬರು ಹೆಣ್ಣುಮಕ್ಕಳು, ಅಂದರೆ ನನ್ನ ಅಮ್ಮ ಮತ್ತು ಚಿಕ್ಕಮ್ಮ, ಆಮೇಲೆ ನಾನು. ಅಮ್ಮ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನಾನು ಅಲ್ಲೇ ಬಟ್ಟೆ ಮಡಿಸುತ್ತೇನೆ. ಬಾಗಿಲ ಪಕ್ಕದ ಗೂಡಿನಲ್ಲಿ ನಮ್ಮ ಮೂವರ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಚಿಕ್ಕಮ್ಮನ ಶೂಗಳು ಮಾತ್ರ ಬೀರುವಿನ ಮೇಲೆ, ರಟ್ಟಿನ ಡಬ್ಬಿಗಳಲ್ಲಿ, ಒಳಗೆ ಹಳೇ ಪೇಪರು ತುಂಬಿಸಿಕೊಂಡು ಕೂತಿರುತ್ತವೆ.

ಅವಳ ಹತ್ತಿರ ಬಟ್ಟೆ ಹೆಚ್ಚಿಲ್ಲ. ಬೂದಿ ಬಣ್ಣದ್ದು, ನೀಲಿಯದು, ಒಂದು ಸಾಸಿವೆ ಬಣ್ಣದ್ದು, ಅವನ್ನೇ ತಿರುಗಿಸಿ ಮುರುಗಿಸಿ ಉಡುತ್ತಾಳೆ. ಆದರೆ ಬೆಳಿಗ್ಗೆ ಮೊದಲು ಆರಿಸುವುದು ಶೂ. ಆಮೇಲೆ ಅದಕ್ಕೆ ಹೊಂದುವ ಬಟ್ಟೆ, ಕಡೆಗೆ ತಲೆಗೂದಲು. ಎಲ್ಲರೂ ಮೇಲಿನಿಂದ ಕೆಳಕ್ಕೆ ಬಂದರೆ ನೀನು ಕಾಲಿನಿಂದ ಮೇಲಕ್ಕೆ ಹೋಗುತ್ತೀಯಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಮನೆ ಕಟ್ಟೋರು ಪಾಯದಿಂದ ಕಟ್ತಾರೋ, ತಾರಸಿಯಿಂದ ಕಟ್ತಾರೋ?" ಎಂದಳು.

ಆ ಶೂಗಳೆಲ್ಲ ರಿಯಾಯಿತಿ ರಾಶಿಯಲ್ಲಿ ಹುಡುಕಿ ತೆಗೆದವು. ಕಪ್ಪು ಜೋಡಿಯಲ್ಲಿ ಒಂದರ ಮೇಲಿದ್ದ ರಿಬ್ಬನ್ ಹೂವು ಬಿದ್ದುಹೋದಾಗ ಇನ್ನೊಂದರದ್ದನ್ನೂ ಬಿಚ್ಚಿ, ಎರಡಕ್ಕೂ ಹಳೇ ಕೋಟಿನ ಗುಂಡಿ ಹೊಲಿದಳು. ಈಗ ಅದು ಹೊಸದಕ್ಕಿಂತ ಚೆಂದ. ಕೆಂಪು ಜೋಡಿ ಹಾಕಿದ ದಿನ ಅವಳನ್ನು ಮಾತನಾಡಿಸಬಾರದು ಎಂದು ನಮಗೆಲ್ಲ ಗೊತ್ತು. ಹೀಲಿನ ಶೂ ಹಾಕಿ ಅವಳು ಬೀದಿಯ ಕಲ್ಲುಹಾಸಿನ ಮೇಲೆ ಬರುತ್ತಿದ್ದರೆ ಸದ್ದು ಮೊದಲು ಬರುತ್ತದೆ, ಅವಳು ಆಮೇಲೆ. ತಿರುವಿನಲ್ಲಿರುವ ಟೈಲರ್ ಅವಳಿಗೆ ಟಕಟಕ ಎಂದೇ ಹೆಸರಿಟ್ಟಿದ್ದಾನೆ.

ಇಷ್ಟಕ್ಕೆ ಯಾರಿಗಾದರೂ ಏನು ತೊಂದರೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಪ್ರತಿ ಡಬ್ಬಿ ಮನೆಗೆ ಬಂದಾಗಲೂ ವಿಚಾರಣೆ ನಡೆಯುತ್ತದೆ. ಯಾಕೆ ತಂದೆ? ಇರೋದು ಸಾಲದಾ? ಇದು ಯಾವ ಕೆಲಸಕ್ಕೆ? ಅವಳು ಪ್ರತಿ ಸಲವೂ ಒಂದೊಂದು ಕಾರಣ ಹುಡುಕಿ ಕೊಡಬೇಕು. ಕಂದು ಬಣ್ಣದ್ದಕ್ಕೆ ಮಳೆ ಕಾರಣವಾಯಿತು, ಕಪ್ಪಿನದ್ದಕ್ಕೆ ಯಾರದೋ ಮದುವೆ.

ತಾತನ ವಿಷಯವನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಾತ ಒಳ್ಳೆಯವರು, ಆದರೆ ಅಲುಗಾಡುವುದನ್ನು ಕಂಡರೆ ಅವರಿಗೆ ತಡೆಯಲಾಗುವುದಿಲ್ಲ. ಕುರ್ಚಿ ಕುಂಟಿದರೆ ಉದ್ದ ಕಂಡ ಕಾಲನ್ನು ಒಂದು ಎಳೆಯಷ್ಟು ಕತ್ತರಿಸುತ್ತಾರೆ. ಆಗ ಇನ್ನೊಂದು ಉದ್ದ ಕಾಣುತ್ತದೆ. ಅದನ್ನೂ ಕತ್ತರಿಸುತ್ತಾರೆ. ನಮ್ಮ ಮನೆಯ ನೆಲವೇ ಒಂದು ಕಡೆಗೆ ಇಳಿಜಾರು ಎಂದು ಅಮ್ಮ ಹೇಳಿ ಹೇಳಿ ಸೋತಿದ್ದಾಳೆ. ಊಟದ ಮೇಜು ಎಷ್ಟು ಕುಳ್ಳಾಗಿದೆಯೆಂದರೆ ನಾವು ಈಗ ನೆಲದ ಮೇಲೆ ಕೂತೇ ಅದರ ಮೇಲೆ ಉಣ್ಣುತ್ತೇವೆ. "ಇನ್ನೊಂದ್ಸಲ ರಿಪೇರಿ ಆದ್ರೆ ಅದು ಚಾಪೆ ಆಗತ್ತೆ" ಎನ್ನುತ್ತಾಳೆ ಅಮ್ಮ.

ಚಿಕ್ಕಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಹಳ ವರ್ಷ ಅವಳು ಹಿಂದಿನ ಕೋಣೆಯಲ್ಲೇ ಇದ್ದಳು. ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಸ್ಕ್ರೂ ಬಿಗಿಯುವುದು. ಕಿಟಕಿಯಿಲ್ಲದ ಆ ಕೋಣೆಗೆ ಒಳ್ಳೆಯ ಶೂ ಹಾಕಿಕೊಂಡು ಹೋಗಿ, ಅಲ್ಲಿ ಅದನ್ನು ಬಿಚ್ಚಿಟ್ಟು, ಅಂಗಡಿಯವರು ಕೊಟ್ಟ ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕಿತ್ತು. ಕಳೆದ ತಿಂಗಳು ಯಜಮಾನಿ ಅವಳನ್ನು ಕರೆದು, ಸೋಮವಾರದಿಂದ ಮುಂದಿನ ಕೌಂಟರಿಗೆ ಬಾ, ಗಿರಾಕಿಗಳನ್ನು ನೋಡಿಕೋ ಎಂದರು.

ಅಂದು ಸಂಜೆ ಚಿಕ್ಕಮ್ಮ ಹಸಿರು ಶೂ ತಂದಳು. ಬಾಟಲಿ ಹಸಿರು, ಪಾದದ ಮೇಲೆ ಒಂದೇ ಪಟ್ಟಿ, ಪುಟ್ಟ ಬಕಲು, ಕೆಳಗೆ ಮೂರು ಬೆರಳು ಎತ್ತರದ ಮರದ ಹೀಲು. ರಾಶಿಯಿಂದ ತೆಗೆದದ್ದಲ್ಲ. ಅಂಗಡಿಯ ಗಾಜಿನ ಹಿಂದೆ ಅದನ್ನು ಎಷ್ಟೋ ದಿನದಿಂದ ನೋಡುತ್ತಿದ್ದಳಂತೆ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅಮ್ಮ ಶುರುಮಾಡಿದಳು. "ಕನ್ನಡಕ ಕೊಳ್ಳೋಕೆ ಬರೋರಿಗೆ ಮೊದ್ಲೇ ಕಣ್ಣು ಕಾಣಲ್ಲ. ಕೌಂಟರ್ ಹಿಂದೆ ನಿನ್ನ ಕಾಲು ಯಾರೇ ನೋಡ್ತಾರೆ?"

"ನಾನು ನೋಡ್ತೀನಿ."

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣೇ."

"ಅಷ್ಟೇ ಚಾಚಿದೀನಿ ಅಕ್ಕ. ಚಾಚಿದ ಕಾಲಿಗೆ ಶೂ ಹಾಕಿದೀನಿ."

ತಾತ ಶೂವನ್ನು ಕೈಗೆತ್ತಿಕೊಂಡು ಹೀಲನ್ನು ಉಗುರಿನಿಂದ ತಟ್ಟಿ ನೋಡಿದರು. "ಮರ ಒಳ್ಳೇದೇ. ಆದ್ರೆ ಇಷ್ಟು ಎತ್ತರ ಯಾಕಮ್ಮ? ಸೊಂಟ ಹೋಗತ್ತೆ."

ಅವಳ ಮುಖದಲ್ಲಿ ದಣಿವು ಕಂಡಿತು. ಏನೋ ಹೇಳಹೊರಟವಳು ನುಂಗಿಕೊಂಡಳು. "ಕೌಂಟರ್ ಎತ್ತರ ಇದೆ ಅಪ್ಪ. ನಾನು ಕುಳ್ಳಿ. ಹೀಲ್ ಇಲ್ದಿದ್ರೆ ಗಿರಾಕಿಗೆ ನನ್ನ ಹಣೆ ಮಾತ್ರ ಕಾಣತ್ತೆ" ಎಂದಳು.

ತಾತ ತಲೆಯಾಡಿಸಿದರು. ವಿಚಾರಣೆ ಮುಗಿಯಿತು ಎಂದು ನಾವು ಅಂದುಕೊಂಡೆವು. ತಾತನಿಗೆ ಅದು ಕೆಲಸ ಒಪ್ಪಿಸಿದ ಹಾಗಾಗಿತ್ತು.

ಭಾನುವಾರ ಬೆಳಿಗ್ಗೆ ಅವಳು ಶೂ ಪಳಗಲಿ ಎಂದು ಮನೆಯೊಳಗೇ ಹಾಕಿಕೊಂಡು ಓಡಾಡಿದಳು. ಇಳಿಜಾರು ನೆಲದಲ್ಲಿ ಒಂದು ಹೀಲು ಟಕ್ ಎಂದರೆ ಇನ್ನೊಂದು ಟಪ್ ಎನ್ನುತ್ತಿತ್ತು. ತಾತ ಹಿತ್ತಲಿನಿಂದ ಎರಡು ಸಲ ಇಣುಕಿ ನೋಡಿದರು. ಮಧ್ಯಾಹ್ನ ಚಿಕ್ಕಮ್ಮ ಮಲಗಿದಳು. ನಾನೂ ಅಮ್ಮನೂ ಮಡಿಸಿದ ಬಟ್ಟೆಗಳನ್ನು ಮನೆಮನೆಗೆ ಕೊಡಲು ಹೋಗಿದ್ದೆವು.

ನಾವು ಬಂದಾಗ ತಾತ ಬಾಗಿಲಲ್ಲೇ ನಗುತ್ತಾ ನಿಂತಿದ್ದರು. ಅವರ ಪಕ್ಕದಲ್ಲಿ ಹೊಸ ಮಣೆಯೊಂದಿತ್ತು. ಅಗಲವಾದದ್ದು, ಅಂಚು ಉರುಟು ಮಾಡಿ, ಜಾರದಿರಲೆಂದು ಮೇಲೆ ರಬ್ಬರ್ ಹಾಳೆ ಅಂಟಿಸಿದ್ದರು. ಮಣೆಯ ಮೇಲೆ ಹಸಿರು ಶೂಗಳು. ಹೀಲು ಇರಲಿಲ್ಲ. ಇತ್ತು, ಆದರೆ ಬಿಸ್ಕತ್ತಿನಷ್ಟು ದಪ್ಪಕ್ಕೆ ಇಳಿದಿತ್ತು. ಕತ್ತರಿಸಿದ ಜಾಗವನ್ನು ನುಣ್ಣಗೆ ಉಜ್ಜಿ ಪಾಲಿಶ್ ಕೂಡ ಹಾಕಿದ್ದರು. ಎತ್ತರಕ್ಕೆಂದು ಬಾಗಿಸಿದ ಅಟ್ಟೆ ನೆಲಕ್ಕೆ ಇಳಿದದ್ದರಿಂದ ಎರಡು ಶೂಗಳ ಮೂತಿಯೂ ದೋಣಿಯ ಹಾಗೆ ಮೇಲೆದ್ದಿತ್ತು.

ಅಮ್ಮನಿಗೆ ಮೊದಲು ನಗು ಬಂತು. ಅಷ್ಟರಲ್ಲಿ ಚಿಕ್ಕಮ್ಮ ಎದ್ದು ಬಂದಳು, ಅಮ್ಮನ ನಗು ಅಲ್ಲೇ ನಿಂತಿತು.

"ಒಂದು ಉದ್ದ ಇತ್ತಮ್ಮ" ಎಂದರು ತಾತ. "ಸರಿ ಮಾಡೋಣ ಅಂತ ಹೋದೆ, ಇನ್ನೊಂದು ಉದ್ದ ಆಯ್ತು. ಆಮೇಲೆ ಯೋಚಿಸ್ದೆ, ಮಣೆ ಇದ್ದಮೇಲೆ ಹೀಲ್ ಯಾಕೆ? ಇದರ ಮೇಲೆ ನಿಂತ್ಕೋ. ಮುಖಾನೂ ಕಾಣತ್ತೆ, ಸೊಂಟಾನೂ ಉಳಿಯತ್ತೆ."

ಚಿಕ್ಕಮ್ಮ ಕೂಗಾಡಲಿಲ್ಲ. ಒಂದು ಶೂವನ್ನು ತೆಗೆದುಕೊಂಡು ಮೂತಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿದಳು. ಬಿಟ್ಟ ಕೂಡಲೇ ಅದು ಮತ್ತೆ ಮೇಲೆದ್ದಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಎಂದಳು. "ನೆಲ ಸೊಟ್ಟ ಇದ್ರೆ ನನ್ನ ಶೂಗೆ ಗರಗಸ."

"ನೀನೇ ಹೇಳಿದ್ದಲ್ಲಮ್ಮ, ಕೌಂಟರ್ ಎತ್ತರ, ಅದಕ್ಕೆ ಹೀಲ್ ಅಂತ."

"ಹೇಳ್ದೆ ಅಪ್ಪ. ಇಷ್ಟ ಅಂತ ಹೇಳಿದ್ರೆ ಈ ಮನೇಲಿ ಯಾರು ಒಪ್ತೀರಿ? ಅದಕ್ಕೇ ಹೇಳ್ದೆ."

ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ಶಾಲೆಗೆ ಯಾಕೆ ಹೋಗುವುದಿಲ್ಲ ಎಂದು ನನ್ನನ್ನೂ ಎಲ್ಲರೂ ಕೇಳಿದ್ದರು. ಎದ್ದು ನಿಂತು ಓದು ಎಂದಾಗ ಗಂಟಲು ಕಟ್ಟುತ್ತದೆ ಎಂದರೆ ಅದು ಕಾರಣವೇ ಅಲ್ಲ ಎಂದಿದ್ದರು. ಕೊನೆಗೆ ತಲೆನೋವು ಎಂದೆ. ಔಷಧಿ ತಂದುಕೊಟ್ಟರು.

ಸೋಮವಾರ ಚಿಕ್ಕಮ್ಮ ಬೀರುವಿನ ಮೇಲಿನ ಒಂದು ಡಬ್ಬಿಯನ್ನೂ ಇಳಿಸಲಿಲ್ಲ. ಬಾಗಿಲ ಗೂಡಿನಿಂದ ಅಮ್ಮನ ಹವಾಯಿ ಚಪ್ಪಲಿ ಹಾಕಿಕೊಂಡು, ಮಣೆಯನ್ನು ಚೀಲದಲ್ಲಿಟ್ಟುಕೊಂಡು ಹೊರಟಳು.

"ಇವತ್ತು ಮೊದಲ್ನೇ ದಿನ ಕಣೇ. ಆ ಗುಂಡಿ ಇರೋದನ್ನಾದ್ರೂ ಹಾಕ್ಕೊಂಡು ಹೋಗು" ಎಂದಳು ಅಮ್ಮ.

"ಯಾರು ನೋಡ್ತಾರೆ ಅಕ್ಕ?"

ಸಂಜೆ ಬಂದು, ಮಣೆ ಚೆನ್ನಾಗಿದೆ, ಯಜಮಾನಿಯೂ ಮೆಚ್ಚಿದರು ಎಂದಷ್ಟೇ ಹೇಳಿದಳು. ಮರುದಿನವೂ ಹವಾಯಿ ಚಪ್ಪಲಿ. ಅದರ ಮರುದಿನವೂ. ಬಟ್ಟೆಯನ್ನೂ ಕೈಗೆ ಸಿಕ್ಕಿದ್ದನ್ನು ಉಟ್ಟು ಹೋಗತೊಡಗಿದಳು. ಎಷ್ಟೋ ವರ್ಷ ಕತ್ತಲ ಕೋಣೆಯಲ್ಲಿ ಕಾದು, ಈಗ ಬೆಳಕಿಗೆ ಬಂದು, ಹೀಗೆ. ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ. ತಾತ ಪ್ರೀತಿಯಿಂದಲೇ ಮಾಡಿದ್ದು. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯಲೂ ಆಗುವುದಿಲ್ಲ, ಅದು ಇನ್ನೂ ಕಷ್ಟ.

"ಟಕಟಕ ಊರಲ್ಲಿಲ್ವಾ?" ಎಂದು ಟೈಲರ್ ನನ್ನನ್ನು ಕೇಳಿದ. ಇದ್ದಾಳೆ ಎಂದು ತಲೆಯಾಡಿಸಿದೆ. "ಮತ್ತೆ ಸದ್ದೇ ಇಲ್ಲ. ನನ್ನ ಅಂಗಡಿ ಗಡಿಯಾರ ಕೆಟ್ಟಿದೆ, ಅವಳನ್ನ ಕೇಳಿಸ್ಕೊಂಡೇ ಬಾಗ್ಲು ಹಾಕ್ತಿದ್ದೆ" ಎಂದ.

ತಾತನಿಗೂ ಅದೇ ಆಗಿತ್ತು. ಸಂಜೆ ಅವರು ಬಾಗಿಲಿಗೆ ಬೆನ್ನು ಹಾಕಿ ಕೂತು ಉಳಿ ಮಸೆಯುತ್ತಾರೆ. ಬೀದಿಯಲ್ಲಿ ಸದ್ದು ಕೇಳಿದರೆ "ಬಂದ್ಲು, ಒಲೆ ಹಚ್ಚು" ಎನ್ನುವುದು ಅವರ ರೂಢಿ. ಗುರುವಾರ ಚಿಕ್ಕಮ್ಮ ಸದ್ದಿಲ್ಲದೆ ಬಂದು ಅವರ ಹಿಂದೆಯೇ ನಿಂತಾಗ ಅವರು ಬೆಚ್ಚಿ ಉಳಿ ಕೈಬಿಟ್ಟರು.

"ಯಾವಾಗ ಬಂದ್ಯಮ್ಮ? ಗೊತ್ತೇ ಆಗ್ಲಿಲ್ಲ."

"ಈಗ ಹಾಗೇ ಬರೋದು ಅಪ್ಪ."

ತಾತ ಏನೂ ಎಸೆಯುವವರಲ್ಲ. ಒಳಗೆ ಹೋಗಿ ತಮ್ಮ ಮೊಳೆ ಡಬ್ಬಿಯನ್ನು ತಂದರು. ಅದರಲ್ಲಿ ಹೀಲಿನ ಚೂರುಗಳೆಲ್ಲ ಇದ್ದವು, ತೆಳ್ಳಗೆ ಹೆಚ್ಚಿದ ಗಡ್ಡೆಯ ಬಿಲ್ಲೆಗಳ ಹಾಗೆ. "ಗೋಂದು ಹಾಕಿ ಕೂರಿಸಿ ನೋಡ್ಲಾ?" ಎಂದು ಕೇಳಿದರು. ಅವರ ದನಿ ಬಹಳ ಸಣ್ಣದಾಗಿತ್ತು.

"ಬೇಡ ಅಪ್ಪ. ನೀವು ಇನ್ನು ಅದನ್ನ ಮುಟ್ಬೇಡಿ."

ನಿನ್ನೆ ಅವಳು ಬೀರುವಿನ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ, ಶೂಗಳನ್ನು ಒಂದು ದೊಡ್ಡ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟಳು. "ಇಸ್ತ್ರಿ ಅಂಗಡಿಗೆ ಬರೋರಿಗೆ ಯಾರಿಗಾದ್ರೂ ಕೊಟ್ಬಿಡು ಅಕ್ಕ. ನಿನಗೆ ಜಾಗ ಆಗತ್ತೆ" ಎಂದಳು. ವರ್ಷಗಟ್ಟಲೆ ಆ ಡಬ್ಬಿಗಳನ್ನು ಬೈದ ಅಮ್ಮ ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಚೀಲವನ್ನು ದಾಟಿಕೊಂಡು ಹೋದಳು.

"ಮರೆತೆ ಅಂತ ಹೇಳು ಅವಳಿಗೆ" ಎಂದಳು ನನ್ನ ಕಡೆ ನೋಡದೆ. "ಭಾನುವಾರದ ತನಕ ಮರೀಬಹುದು. ಆಮೇಲೆ ಅವಳೇ ಹೊತ್ಕೊಂಡು ಹೋಗ್ತಾಳೆ."

ನಾನು ಚೀಲದಿಂದ ಹಸಿರು ಜೋಡಿಯನ್ನು ಮಾತ್ರ ತೆಗೆದುಕೊಂಡು ಬಸ್ ನಿಲ್ದಾಣದ ಪಕ್ಕದ ಚಪ್ಪಲಿ ರಿಪೇರಿಯವನ ಹತ್ತಿರ ಹೋದೆ. ಹೊಸಬರ ಹತ್ತಿರ ಮಾತನಾಡುವುದು ನನಗೆ ಆಗದ ಕೆಲಸ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿ, ಎದುರು ನಿಂತಾಗ ಅರ್ಧ ಮರೆತು, ಹೀಲು, ಮೊದಲಿನ ಹಾಗೆ, ಎಂದಷ್ಟೇ ಹೇಳಿದೆ. ಅವನು ಶೂವನ್ನು ತಿರುಗಿಸಿ ನೋಡಿದ. ಮೂತಿ ನೋಡಿ ನಗಲಿಲ್ಲ, ಅದಕ್ಕೆ ಅವನನ್ನು ಮೆಚ್ಚಿದೆ.

"ಹೊಸ ಮರ ಕೂರಿಸ್ಬಹುದು. ಕೂರಿಸಿದ್ರೆ ಮೂತಿ ತಾನಾಗೇ ಇಳಿಯತ್ತೆ" ಎಂದ. ಆಮೇಲೆ ತಲೆಯೆತ್ತಿ, "ಆದ್ರೆ ಯಾಕಮ್ಮ? ಮುಂದೆ ಸ್ವಲ್ಪ ಬಡಿದ್ರೆ ಚಪ್ಪಟೆನೇ ಹಾಕ್ಕೋಬಹುದಲ್ಲ. ಹೀಲ್ ಯಾಕೆ?" ಎಂದು ಕೇಳಿದ.

ಮತ್ತೆ ಅದೇ ಪ್ರಶ್ನೆ. ಅವನಿಗೂ ಬೇಕು ಕಾರಣ. ಕೌಂಟರ್ ಎತ್ತರ ಎನ್ನೋಣವೇ ಎಂದು ಬಾಯಿಗೆ ಬಂತು, ಹೇಳಲಿಲ್ಲ. ಗಂಟಲು ಕಟ್ಟಿತು. ಶೂಗಳನ್ನು ಅವನ ಕೈಯಿಂದ ತೆಗೆದುಕೊಂಡು, ಹಿಂದಿರುಗಿ ಬಂದೆ. ದಾರಿಯಲ್ಲಿ ನನ್ನ ಮೇಲೆಯೇ ನನಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದು, ರಿಪೇರಿಯವನ ಹತ್ತಿರ ಹೋಗಿದ್ದೆ ಎಂದಷ್ಟೇ ತಾತನಿಗೆ ಹೇಳಿ, ಕೂತು ಇದನ್ನು ಬರೆದೆ. ಬರೆಯುವಾಗ ಗಂಟಲು ಕಟ್ಟುವುದಿಲ್ಲ. ತಾತ ಎದುರಿಗೆ ಕೂತು ನೋಡುತ್ತಿದ್ದರು, ಏನು ಬರೆಯುತ್ತಿದ್ದೀ ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಎದ್ದು ಹೀಲಿನ ಚೂರುಗಳ ಡಬ್ಬಿಯನ್ನು ತಂದು ನನ್ನ ಪಕ್ಕದಲ್ಲಿಟ್ಟರು. "ಎಷ್ಟು ಎತ್ತರ ಇತ್ತು ಅಂತ ರಿಪೇರಿಯವನು ಕೇಳಿದ್ರೆ, ಇದನ್ನೆಲ್ಲ ಒಂದರ ಮೇಲೊಂದು ಇಟ್ಟು ತೋರಿಸು" ಎಂದರು.

ನಾಳೆ ಬೆಳಿಗ್ಗೆ ಶೂಗಳನ್ನೂ ಡಬ್ಬಿಯನ್ನೂ ತೆಗೆದುಕೊಂಡು ಮತ್ತೆ ಅವನ ಹತ್ತಿರ ಹೋಗುತ್ತೇನೆ. ಯಾಕೆ ಎಂದು ಕೇಳಿದರೆ, ನನ್ನ ಚಿಕ್ಕಮ್ಮನಿಗೆ ಇಷ್ಟ, ಅದಕ್ಕೆ ಎಂದು ಹೇಳುತ್ತೇನೆ. ಹೀಲು ಕೂರಿಸಿಕೊಡುವ ತನಕ ಅಲ್ಲೇ ಕೂತಿರುತ್ತೇನೆ.