ಮೂರು ಮಾರು ಹೆಚ್ಚಿನ ಪೈಪು

ಬಿಸಿಲಿಗೆ ಕಾದ ಹೊಸ ರಬ್ಬರ್ ಪೈಪಿನ ವಾಸನೆ ಬಂದರೆ ನನ್ನ ಕಾಲು ಈಗಲೂ ನಿಂತುಬಿಡುತ್ತದೆ. ಮೊನ್ನೆ ಮೇಘಾ, ನೀನು ನನ್ನನ್ನು ಚಳ್ಳಕೆರೆ ಪೇಟೆಯ ಪೈಪಿನ ಅಂಗಡಿಗೆ ಕರೆದುಕೊಂಡು ಹೋದಾಗ ಆದದ್ದೂ ಅದೇ. ಹಸಿರು ಪೈಪು, ಒಳಗೆ ದಾರ ಹೆಣೆದ ಪೈಪು, ನೀರು ಬಿಟ್ಟರೆ ತಾನಾಗಿ ಉದ್ದವಾಗುವ ಪೈಪು ಎಂದು ನೀನು ಒಂದೊಂದೇ ತೋರಿಸುತ್ತಿದ್ದೆ. ನಾನು ಬಾಗಿಲ ಬಳಿಯ ಕಪ್ಪು ಸುರುಳಿಯನ್ನೇ ಮುಟ್ಟುತ್ತ ನಿಂತಿದ್ದೆ. ಕೊನೆಗೆ, "ಇದನ್ನೇ ಕೊಡಪ್ಪ, ಅಳತೆಗಿಂತ ಮೂರು ಮಾರು ಹೆಚ್ಚಿಗೆ ಬಿಡು" ಅಂದೆ. "ಯಾಕಜ್ಜಿ, ನಿಮ್ಮ ಮನೆ ಇನ್ನೂ ಬೆಳೀತೈತಾ?" ಎಂದು ಅಂಗಡಿಯವನು ನಕ್ಕ. ನೀನೂ ಯಾಕೆ ಅಂತ ಕೇಳಿದೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮ ಚೇತುವಿಗೂ ಓದಿ ಹೇಳು.

ನಾನು ಹುಟ್ಟಿದ ಮನೆ ಕುದಾಪುರದ ಕಡೆ, ಹೊಲದ ನಡುವೆ ಇತ್ತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಅಂಗಳದಲ್ಲಿ ಒಣಗುವ ಶೇಂಗಾದ ವಾಸನೆ. ಹಿತ್ತಲಲ್ಲಿ ಎತ್ತರಕ್ಕೆ ಕಟ್ಟಿದ ನೀರಿನ ತೊಟ್ಟಿ, ಅದಕ್ಕೊಂದು ನಲ್ಲಿ. ಅಲ್ಲಿಂದ ಮುಂದೆ ಬದನೆ, ಮೆಣಸಿನ ಗಿಡ, ಕನಕಾಂಬರದ ಸಾಲು, ಎಲ್ಲಕ್ಕೂ ಆಚೆ ಬೇಲಿಯ ಮೂಲೆಯಲ್ಲಿ ಒಂದು ಎಳೆಯ ಕಣಗಿಲೆ. ಆ ಕಣಗಿಲೆಯ ಬುಡದಲ್ಲಿ ನನ್ನ ತಮ್ಮನನ್ನು ಮಣ್ಣು ಮಾಡಿದ್ದರು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಅವನು ಹೋಗಿಬಿಟ್ಟ. ಅವ್ವನ ತವರು ಮೊಳಕಾಲ್ಮುರು, ಮನೆಮಾತು ತೆಲುಗು. ಅವಳು ಅವನನ್ನು 'ಚಿನ್ನೋಡು' ಅನ್ನುತ್ತಿದ್ದಳು. ಚಿಕ್ಕವನು ಅಂತ ಅಷ್ಟೇ ಅರ್ಥ. ಅವನಿಗೆ ಇದ್ದದ್ದು ಅದೊಂದೇ ಹೆಸರು. ಆಡು ಬಾಯಿ ಹಾಕದ ಗಿಡ ಅಂತ ಹುಡುಕಿ ಅವ್ವ ಅಲ್ಲಿ ಕಣಗಿಲೆ ನೆಟ್ಟಿದ್ದಳು. ಬಾಣಂತಿ ಮೈ ಇನ್ನೂ ಆರಿರಲಿಲ್ಲ, ಆದರೂ ದಿನಾ ಸಂಜೆ ಕೊಡ ಹೊತ್ತುಕೊಂಡು ಹೋಗಿ ಆ ಬುಡಕ್ಕೆ ನೀರು ಸುರಿದು ಬರುತ್ತಿದ್ದಳು.

ಒಂದು ಸಂಜೆ ಅವ್ವ ಕೊಡದ ಸಮೇತ ಬದನೆ ಸಾಲಿನಲ್ಲಿ ಕುಸಿದಳು. ಮರುದಿನ ಬೆಳಗ್ಗೆ ಅಪ್ಪ ಪೇಟೆಗೆ ಹೊರಟು ನಿಂತು, ಹೊರೆ ಕಟ್ಟುವ ಹಗ್ಗವನ್ನು ನನ್ನ ಕೈಗೆ ಕೊಟ್ಟ. "ನಲ್ಲಿಯಿಂದ ಚಿನ್ನೋಡಿನ ಗಿಡದ ಬುಡದವರೆಗೂ ಹಿಡಿದು ಗಂಟು ಹಾಕ್ಕಂಡು ಬಾ. ಪೈಪು ತರ್ತೀನಿ. ನಿಮ್ಮವ್ವ ಇನ್ನು ಕೊಡ ಎತ್ತಬಾರದು." ನನಗಾಗ ಒಂಬತ್ತು ವರ್ಷ. ಪಕ್ಕದ ಹೊಲದ ಹೆಂಗಸೊಬ್ಬಳು, "ಹೆಸರಿಡದ ಕೂಸು ಮಲಗಿರೋ ಜಾಗ ತುಳಿದ್ರೆ ಕಾಲು ಹಿಡ್ಕಂತೈತೆ" ಅಂದದ್ದು ತಲೆಯಲ್ಲಿತ್ತು. ಹಗ್ಗ ಬಿಡುತ್ತ ಬಿಡುತ್ತ ಕನಕಾಂಬರದ ಸಾಲಿನವರೆಗೆ ಹೋದೆ. ಮುಂದೆ ಹೆಜ್ಜೆ ಏಳಲಿಲ್ಲ. ಅಲ್ಲೇ ಗಂಟು ಹಾಕಿ, ಓಡಿಬಂದು ಅಪ್ಪನಿಗೆ ಕೊಟ್ಟೆ.

ಅಪ್ಪ ಸಂಜೆ ಬಸ್ಸಿಳಿದು ಬಂದಾಗ ಕಪ್ಪು ಸುರುಳಿ ಹೆಗಲ ಮೇಲಿತ್ತು. ಎಂದೂ ಹೆಚ್ಚು ಮಾತಾಡದ ಮನುಷ್ಯ ಅವತ್ತು ಮಾತಾಡಿದ. ಪೈಪನ್ನು ಮಡಿಚಿ ತೋರಿಸಿದ. "ನೋಡೇ, ಮಡಿಚಿದ ಕಡೆ ಬೆಳ್ಳಗಾದ್ರೆ ಅದು ಎರಡು ಬೇಸಿಗೆಗೆ ಸೀಳ್ತೈತೆ. ಇದು ಹಂಗಲ್ಲ. ದಪ್ಪದ್ದೂ ಬೇಡ ಅಂದೆ. ತೊಟ್ಟಿ ನೀರಿಗೆ ಬಲ ಎಲ್ಲಿಂದ ಬರ್ತೈತೆ? ದಪ್ಪ ಪೈಪಿನಾಗೆ ಸೋರಿ ಬೀಳ್ತೈತೆ ಅಷ್ಟೇ." ಎಲ್ಲವನ್ನೂ ನೋಡಿ ಆರಿಸಿ ತಂದಿದ್ದ, ಅಳತೆಯೊಂದನ್ನು ನನ್ನ ಮೇಲೆ ಬಿಟ್ಟಿದ್ದ. ನಲ್ಲಿಗೆ ಸಿಕ್ಕಿಸಿ ಎಳೆದರೆ ಪೈಪು ಕನಕಾಂಬರಕ್ಕೇ ಮುಗಿಯಿತು. ಗಿಡ ಇನ್ನೂ ಮೂರು ಮಾರು ದೂರ. ಅಪ್ಪ ಪೈಪಿನ ತುದಿ ನೋಡಿದ, ಹಗ್ಗದ ಗಂಟು ನೋಡಿದ. ಅವನು ನನ್ನ ಕಡೆ ತಿರುಗುವ ಮೊದಲೇ ಅವ್ವ, "ಆ ಹಗ್ಗ ಕೊಡದ ಹತ್ರ ಬಿದ್ದು ನೆಂದಿತ್ತು, ಕುಗ್ಗೈತೆ ಬಿಡ್ರಿ" ಅಂದಳು. "ಮೂರು ಮಾರು ಕುಗ್ಗೋ ಹಗ್ಗನ ನಾನು ಎಲ್ಲೂ ಕಂಡಿಲ್ಲಪ್ಪ" ಎಂದು ಅಪ್ಪ ಗೊಣಗಿ ಕೈಕಾಲು ತೊಳೆಯಲು ಹೋದ. ಅವ್ವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಳು. ನೀರು ಬಿಲ್ಲಿನಂತೆ ಬಾಗಿ ಹೋಗಿ ಗಿಡದ ಬುಡಕ್ಕೆ ಬಿತ್ತು.

ಅಂದಿನಿಂದ ಅವಳ ಸಂಜೆಗಳೆಲ್ಲ ಹಾಗೇ ಕಳೆದವು. ಪೈಪು ಮುಟ್ಟಿದ್ದರೆ ಬುಡದಲ್ಲಿ ಇಟ್ಟು ಒಳಗೆ ಬಂದು ಕೂರಬಹುದಿತ್ತು. ಮುಟ್ಟದ್ದಕ್ಕೆ ನಿಂತೇ ಇರಬೇಕಿತ್ತು. ನೀರಿನಲ್ಲಿ ಒತ್ತಿ ಒತ್ತಿ ಅವಳ ಹೆಬ್ಬೆರಳು ಸುಕ್ಕಾಗಿ ಬಿಳಿಚಿಕೊಂಡಿರುತ್ತಿತ್ತು. ಅದೇ ಬೆರಳಿನಿಂದ ನನ್ನ ಬಾಯಿಗೆ ತುತ್ತು ಇಡುವಳು, ಅದರಲ್ಲಿ ರಬ್ಬರಿನ ವಾಸನೆ. ಒಂದು ದಿನ ನಾನು ಹಿಂದೆ ನಿಂತಿದ್ದಾಗ, ತಿರುಗದೆಯೇ ಹೇಳಿದಳು: "ನಿನ್ನ ಹೆಜ್ಜೆ ಇಲ್ಲಿಗೇ ನಿಂತಿದ್ವು ಕಣೇ. ಅವತ್ತೇ ನೋಡಿದ್ದೆ." ನಾನು ಅಳಲು ಶುರುಮಾಡಿದೆ. ಅವಳು ಇನ್ನೊಂದು ಕೈ ಚಾಚಿದಳು. "ಬಾ, ನನ್ನ ಜೊತೆ ಬಾ. ಅವನೇನು ಮಾಡ್ತಾನೆ ನಿನಗೆ? ಒಂದು ಹಲ್ಲೂ ಬಂದಿರಲಿಲ್ಲ ಅವನಿಗೆ."

ನಾನು ಹೋಗಲಿಲ್ಲ. ಆ ಕೈ ಹಿಡಿಯದೆ ಒಳಗೆ ಓಡಿದೆ. ಅವ್ವ ಮತ್ತೆ ಕರೆಯಲಿಲ್ಲ. ನಾಳೆ ಹೋದರಾಯಿತು ಅಂದುಕೊಳ್ಳುತ್ತಲೇ ದೊಡ್ಡವಳಾದೆ, ಮದುವೆಯಾಗಿ ಬಂದೆ. ಅವ್ವ ಹೋದಳು, ಅಪ್ಪನೂ ಹೋದ. ಆಮೇಲೆ ಸುತ್ತಲಿನ ನೆಲದ ಜೊತೆ ನಮ್ಮ ಹೊಲವನ್ನೂ ಸರ್ಕಾರ ತಗೊಂಡಿತು, ಎಲ್ಲವೂ ಉದ್ದದ ಗೋಡೆಯೊಂದರ ಒಳಗೆ ಸೇರಿತು. ಬಸ್ಸಿನಲ್ಲಿ ಆ ಕಡೆ ಹೋದಾಗ ಗೋಡೆ ಮುಗಿಯುವವರೆಗೂ ನೋಡುತ್ತೇನೆ. ಮನೆ ಎಲ್ಲಿತ್ತು, ತೊಟ್ಟಿ ಎಲ್ಲಿತ್ತು, ಒಂದೂ ಗುರುತು ಸಿಗುವುದಿಲ್ಲ. ಕಣಗಿಲೆ ಆಡು ತಿನ್ನದ ಗಿಡ, ಇದ್ದರೂ ಇರಬಹುದು. ನಿಮ್ಮ ತಾತ ಪಕ್ಕದಲ್ಲೇ ಕೂತು, "ಏನು ಹುಡುಕ್ತೀಯೇ?" ಅಂತ ಕೇಳುತ್ತಿದ್ದರು. ಅವರಿಗೂ ನಾನು ಹೇಳಲಿಲ್ಲ.

ನಮ್ಮ ಅಂಗಳಕ್ಕೆ ಆ ಪೈಪು ಉದ್ದವಾಯಿತು, ನನಗೂ ಕಾಣುತ್ತದೆ. ಕೊನೆಯ ಗಿಡಕ್ಕೆ ಮುಟ್ಟಿದ ಮೇಲೂ ಗೇಟಿನ ಬಳಿ ಸುತ್ತಿಕೊಂಡು ಬಿದ್ದಿರುತ್ತದೆ. ಕಾಲಿಗೆ ತೊಡರುತ್ತೆ, ಕತ್ತರಿಸಿಬಿಡ್ತೀನಿ ಅಂತ ಚೇತು ನೆನ್ನೆ ಕತ್ತರಿ ತಂದಿದ್ದ. ಬೇಡ ಕಣಪ್ಪ. ದಾಟಿಕೊಂಡು ಓಡಾಡಿ. ಆ ಮೂರು ಮಾರು ಚಿನ್ನೋಡಿಂದು.